ಸೌಟು ಒಗದವಳ ಹೇಳಿಕೆ

೨೦೨೩ರ ಬೇಸಿಗೆಯಲ್ಲಿ ನಾನು ಕೃಷ್ಣರಾಜಪುರದ ಕಡೆಯ ಒಂದು ಖಾಸಗಿ ಮಹಿಳಾ ಕಾಲೇಜಿನಲ್ಲಿ ಕನ್ನಡ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ದೊಡ್ಡ ಮಾತಾಯಿತು. ವಿಭಾಗದಲ್ಲಿ ಇದ್ದದ್ದೇ ಇಬ್ಬರು, ಅದರಲ್ಲಿ ಇನ್ನೊಬ್ಬರು ಹೆರಿಗೆ ರಜೆಯಲ್ಲಿದ್ದರು. ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇತ್ತು. ಮೂವತ್ತೊಂದು ವರ್ಷ ಪಾಠ ಮಾಡಿದ ಮೇಲೆ ಇನ್ನು ಕಲಿಯುವುದೇನಿದೆ ಎಂಬ ಸಣ್ಣ ಕೊಬ್ಬೂ ನನ್ನಲ್ಲಿತ್ತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನದೆಲ್ಲ ಅದರಿಂದಲೇ ಹುಟ್ಟಿತು.

ಬಿ.ಕಾಂ. ಎರಡನೇ ವರ್ಷದವರಿಗೆ ಆ ಸಲ ಒಂದು ಹಳೆಯ ಕಾದಂಬರಿ ಪಠ್ಯವಾಗಿತ್ತು. ಹೆಸರು ಇಲ್ಲಿ ಬೇಡ, ಕಥೆ ಸಾಕು. ಹೊಳೆ ತುಂಬಿ ಬಂದು ಒಂದು ಊರಿನ ಹದಿನೇಳು ಜನ ದಿಬ್ಬದ ಮೇಲೆ ಸಿಕ್ಕಿಕೊಳ್ಳುತ್ತಾರೆ. ಅವರ ಬಳಿ ಇರುವುದು ಒಂದು ಮೂಟೆ ರಾಗಿ, ಒಂದು ಹಂಡೆ, ಒಂದು ಸೌಟು. ಊರಿನಲ್ಲಿ ಇರುವೆಗೂ ದಾರಿ ಬಿಟ್ಟು ನಡೆಯುತ್ತಿದ್ದ ಒಬ್ಬ ಸಾಧು ಮನುಷ್ಯನ ಕೈಗೆ ಆ ಸೌಟು ಬರುತ್ತದೆ. ಯಾರಿಗೆ ಗಟ್ಟಿ ಅಂಬಲಿ, ಯಾರಿಗೆ ತಿಳಿ ಎಂದು ಅವನೇ ತೀರ್ಮಾನಿಸುತ್ತಾನೆ. ಹತ್ತು ದಿನ ಕಳೆಯುವುದರೊಳಗೆ ಅವನ ಸುತ್ತ ನಾಲ್ಕು ಜನ ಭಟರು. ಕೊನೆಗೆ ರಾಗಿ ಕದ್ದನೆಂದು ಹೇಳಿ, ಹೊರಗಿನಿಂದ ಬಂದು ಸಿಕ್ಕಿಕೊಂಡಿದ್ದ ಒಬ್ಬ ಬಳೆಗಾರನನ್ನು ಎಲ್ಲರೂ ಸೇರಿ ನೀರಿಗೆ ಅಟ್ಟುತ್ತಾರೆ. ಮಾರನೆಯ ಬೆಳಗ್ಗೆ ನೋಡಿದರೆ ನೀರು ತಾನಾಗಿ ಇಳಿದಿರುತ್ತದೆ.

ಇಂಥ ಕಥೆಯನ್ನು ನೋಟ್ಸ್ ಬರೆಸಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ತರಗತಿಯಲ್ಲಿ ಅರವತ್ತೆರಡು ಹುಡುಗಿಯರಿದ್ದರು. ಅರ್ಧ ಜನ ಈ ಕಡೆಯ ಹಳೆಯ ಊರುಗಳವರು, ಅಪ್ಪಂದಿರ ಹೊಲಗಳೆಲ್ಲ ಬಾಡಿಗೆ ಕಟ್ಟಡಗಳಾಗಿ ನಿಂತವರು. ಮಿಕ್ಕವರು ಆ ಕಟ್ಟಡಗಳಲ್ಲಿ ಬಾಡಿಗೆಗಿದ್ದವರು. ನಾನು ಮನೆಯಿಂದ ನಮ್ಮಮ್ಮನ ಕಾಲದ ಒಂದು ಹಿತ್ತಾಳೆ ಸೌಟು ತಂದು ಮೇಜಿನ ಮೇಲಿಟ್ಟೆ. ಮೂರು ವಾರ ಈ ತರಗತಿಯೇ ದಿಬ್ಬ ಎಂದೆ. ಸೋಮವಾರ ಸೋಮವಾರ ಕೈ ಎತ್ತಿ ಒಬ್ಬಳನ್ನು ಆರಿಸಿ, ಸೌಟು ಅವಳದ್ದು. ಯಾರು ಮಾತಾಡಬೇಕು, ಯಾರು ಎಲ್ಲಿ ಕೂರಬೇಕು ಎಲ್ಲ ಅವಳೇ ಹೇಳುತ್ತಾಳೆ. ವಾರದ ಕೊನೆಗೆ ಅದರ ಮೇಲೆ ಚರ್ಚೆ.

ಅಷ್ಟಕ್ಕೇ ನಿಂತಿದ್ದರೆ ಅದು ಆಟವಾಗಿರುತ್ತಿತ್ತು. ಹುಡುಗಿಯರು ಗಂಭೀರವಾಗಿ ತೆಗೆದುಕೊಳ್ಳಲಿ ಎಂದು ನಾನು ಇಂಟರ್ನಲ್ಸ್‌ನ ಐದು ಅಂಕವನ್ನು ಸೌಟಿಗೆ ಕಟ್ಟಿಬಿಟ್ಟೆ. ಇಂಟರ್ನಲ್ಸ್ ಎಂದರೆ ಕಾಲೇಜಿನವರೇ ಕೊಟ್ಟು ವಿಶ್ವವಿದ್ಯಾಲಯಕ್ಕೆ ಕಳಿಸುವ ಅಂಕ. ಯಾರು ಎಷ್ಟು ಚೆನ್ನಾಗಿ ಭಾಗವಹಿಸಿದರು ಎಂದು ಸೌಟಿನವಳು ಪಟ್ಟಿ ಕೊಡುತ್ತಾಳೆ, ನಾನು ನೋಡಿ ಸಹಿ ಹಾಕುತ್ತೇನೆ ಎಂದೆ. ಪ್ರಿನ್ಸಿಪಾಲರಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಅವರು ಬೇಡ ಅನ್ನುತ್ತಿದ್ದರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮೂರು ವಾರವೂ ಸೌಟು ಚೈತ್ರಾಳ ಕೈಯಲ್ಲೇ ಉಳಿಯಿತು. ಊರಿನ ಹಳೆಯ ಮನೆತನದ ಹುಡುಗಿ, ಚುರುಕು, ನಾಲ್ಕು ಜನರೆದುರು ನಿಂತು ಮಾತಾಡಬಲ್ಲವಳು. ಮೊದಲ ವಾರ ಆಟ ಚೆನ್ನಾಗಿತ್ತು. ಎರಡನೇ ವಾರ ಅವಳು ಬಾಡಿಗೆ ಮನೆಯವರನ್ನೆಲ್ಲ ಹಿಂದಿನ ಬೆಂಚಿಗೆ ಕಳಿಸಿದಳು. ಬಡಿಸುವವರು ನಮ್ಮವರಾದರೆ ಪಂಕ್ತಿಯಲ್ಲಿ ಎಲ್ಲಿ ಕೂತರೇನು ಎಂಬ ಗಾದೆಯನ್ನು ನಾನೇ ಬೋರ್ಡಿನ ಮೇಲೆ ಬರೆದು, ನೋಡಿ, ಕಾದಂಬರಿ ಹೇಗೆ ನಿಜವಾಗುತ್ತಿದೆ ಎಂದು ಖುಷಿಪಟ್ಟೆ.

ಹಿಂದಿನ ಬೆಂಚಿಗೆ ಹೋದವರಲ್ಲಿ ಮಹಾನಂದಾ ಒಬ್ಬಳು. ಯಾದಗಿರಿ ಕಡೆಯವಳು. ಅಪ್ಪ ಅಮ್ಮ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುವವರು, ರಾಮಮೂರ್ತಿ ನಗರದಲ್ಲಿ ಒಂದು ರೂಮಿನಲ್ಲಿ ವಾಸ. ಆ ರೂಮು ಇದ್ದದ್ದು ಚೈತ್ರಾಳ ಅಪ್ಪನ ಕಟ್ಟಡದಲ್ಲಿ. ಈ ಸಂಗತಿ ತರಗತಿಗೆಲ್ಲ ಗೊತ್ತಿತ್ತು, ನನಗೆ ಆಮೇಲೆ ಗೊತ್ತಾಯಿತು. ಮಹಾನಂದಾ ಬಾಯಿ ಬಿಟ್ಟಾಗಲೆಲ್ಲ ಚೈತ್ರಾ ಸೌಟು ಎತ್ತಿ, "ಹೌದ್ರೀ... ಇಲ್ರೀ... ಬರ್ತೀನ್ರೀ" ಎಂದು ಎಳೆದು ಅಣಕಿಸುತ್ತಿದ್ದಳು. ತರಗತಿ ನಗುತ್ತಿತ್ತು. ಒಂದು ಸಲ ನಾನೂ ನಕ್ಕೆ. ಮಹಾನಂದಾ ನನ್ನ ಕಡೆ ನೋಡಿದ್ದು ನೆನಪಿದೆ. ಪಟ್ಟಿಯಲ್ಲಿ ಮೂರು ವಾರವೂ ಅವಳ ಹೆಸರಿನ ಮುಂದೆ ಸೊನ್ನೆ ಇತ್ತು, ಕೊನೆಗೆ ಸರಿ ಮಾಡಿದರಾಯಿತು ಎಂದು ನಾನು ಸಹಿ ಹಾಕುತ್ತಾ ಹೋದೆ.

ಕೊನೆಯ ಗುರುವಾರ ದಿಬ್ಬದ ಊಟ ಎಂದು ಗೊತ್ತುಮಾಡಿದ್ದೆವು. ಚೈತ್ರಾಳ ಮನೆಯಿಂದ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ರಾಗಿ ಅಂಬಲಿ ಬಂತು. ಅದನ್ನು ಹದಿನಾಲ್ಕನೇ ನಂಬರಿನ ಖಾಲಿ ರೂಮಿನಲ್ಲಿಟ್ಟು, ಪಕ್ಕದಲ್ಲಿ ಸೌಟು ಇಟ್ಟರು. ಬಳೆಗಾರ ಯಾರಾಗಬೇಕು ಎಂದು ಹಿಂದಿನ ದಿನವೇ ಸೌಟಿನವಳು ಹೇಳಿ ಆಗಿತ್ತು: ಮಹಾನಂದಾ. ಅಂಬಲಿ ಬಡಿಸುವಷ್ಟು ಹೊತ್ತು ಅವಳು ಬಾಗಿಲಾಚೆ, ಹೊಂಗೆ ಮರದ ಕೆಳಗೆ ನಿಂತಿರಬೇಕು. ನಾನು ಆ ಹೊತ್ತಿನಲ್ಲಿ ಅಲ್ಲಿರಬೇಕಿತ್ತು. ಪರೀಕ್ಷೆ ಕೆಲಸದ ಮೀಟಿಂಗಿಗೆ ಕರೆ ಬಂತೆಂದು ಪ್ರಿನ್ಸಿಪಾಲರ ಚೇಂಬರಿಗೆ ಹೋದೆ. ಮರಳಿ ಬರುವಷ್ಟರಲ್ಲಿ ಪಾತ್ರೆ ಖಾಲಿಯಾಗಿತ್ತು, ಹುಡುಗಿಯರು ಫೋಟೋ ತೆಗೆದುಕೊಳ್ಳುತ್ತಿದ್ದರು.

ಮೂರೂವರೆಗೆ ಮೊದಲ ಹುಡುಗಿ ವಾಂತಿ ಮಾಡಿದಳು. ಬಿಸಿಲು ಎಂದುಕೊಂಡೆವು. ಸಂಜೆಯೊಳಗೆ ನಾಲ್ವರು, ಶುಕ್ರವಾರ ಬೆಳಗ್ಗೆಗೆ ಒಂಬತ್ತು ಜನ. ಇಬ್ಬರನ್ನು ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿದರು. ಒಬ್ಬಳ ತಾಯಿ ಫೋನಿನಲ್ಲಿ, "ಏನ್ ತಿನ್ನಿಸಿದ್ರಿ ಮೇಡಂ ನನ್ ಮಗಳಿಗೆ?" ಎಂದು ಕೇಳಿದ ಧ್ವನಿ ಈಗಲೂ ಕಿವಿಯಲ್ಲಿದೆ. ಮಕ್ಕಳಿಗೆ ಏನಾಗುವುದೋ ಎಂಬ ಭಯ ಒಂದು ಕಡೆ. ಐದು ಅಂಕದ ವಿಷಯ ಹೊರಬಿದ್ದರೆ ನನ್ನ ಗತಿ ಏನು ಎಂಬ ಭಯ ಇನ್ನೊಂದು ಕಡೆ. ಯಾವುದು ದೊಡ್ಡದಾಗಿತ್ತು ಎಂದು ಪ್ರಾಮಾಣಿಕವಾಗಿ ಹೇಳಲಾರೆ.

ಆ ಗಡಿಬಿಡಿಯಲ್ಲೇ ನಮ್ಮ ಅಟೆಂಡರ್ ಸೆಲ್ವಿ ಬಾಗಿಲಲ್ಲಿ ನಿಂತು, "ಮೇಡಂ, ಕೆಳಗಡೆ ಬಾತ್ರೂಮ್‌ದು ಬ್ಲೂ ಮಗ್ಗು ಕಾಣ್ತಿಲ್ಲ ಮಾ. ನಿನ್ನೆಯಿಂದ ಇಲ್ಲ. ಆಫೀಸಲ್ಲಿ ಹೊಸಾದು ಕೊಡ್ಸಿ" ಎಂದಳು. ಊರು ಹತ್ತಿ ಉರಿಯುವಾಗ ಇವಳಿಗೆ ಮಗ್ಗಿನ ಚಿಂತೆ ಎಂದು ರೇಗಿ ಕಳಿಸಿದೆ. ಸೆಲ್ವಿ ಹಲಸೂರಿನ ತಮಿಳು ಮನೆಯವಳು, ಹದಿನೆಂಟು ವರ್ಷದಿಂದ ಕಾಲೇಜಿನಲ್ಲಿದ್ದವಳು. ಕಾರಣವಿಲ್ಲದೆ ಮಾತಾಡುವವಳಲ್ಲ ಎಂದು ನಾನು ಯೋಚಿಸಬೇಕಿತ್ತು.

ಶನಿವಾರ ಬೆಳಗ್ಗೆ ಚೈತ್ರಾಳ ಅಪ್ಪ ಬಂದರು. ಕೂಗಾಡುವ ಮನುಷ್ಯರಲ್ಲ, ಮೆಲ್ಲಗೆ ಮಾತಾಡುವವರು. ಅವರ ಮನೆಯ ಅಂಬಲಿಯ ಮೇಲೆ ಅಪವಾದ ಬರುತ್ತಿದೆ ಎಂಬುದು ಅವರ ಸಂಕಟ. ಅದು ನ್ಯಾಯವಾದದ್ದೇ, ಅದೇ ಬೆಳಗ್ಗೆ ಅವರ ಮನೆಯವರೆಲ್ಲ ಅದೇ ಅಂಬಲಿ ಕುಡಿದು ಚೆನ್ನಾಗಿದ್ದರು. ಮಗಳೂ ಅವಳ ಹತ್ತು ಜನ ಗೆಳತಿಯರೂ ಸಹಿ ಮಾಡಿದ ಒಂದು ಅರ್ಜಿ ಅವರ ಕೈಯಲ್ಲಿತ್ತು. ಗುರುವಾರ ಹನ್ನೊಂದು ಗಂಟೆಗೆ ಮಹಾನಂದಾ ಒಬ್ಬಳೇ ಹದಿನಾಲ್ಕನೇ ರೂಮಿಗೆ ಹೋಗಿ ಬಂದಳು, ನಮಗೆ ಅನುಮಾನವಿದೆ ಎಂದು ಅದರಲ್ಲಿತ್ತು.

"ನೀವು ದೊಮ್ಲೂರೋರು, ನಾವು ಈ ಊರೋರು. ನಿಮ್ಗೆ ನಾನೇನ್ ಹೇಳ್ಬೇಕು ಮೇಡಂ" ಎಂದರು. "ಎಲ್ಲಿಂದ್ಲೋ ಬಂದೋರ್ನ ಸೇರಿಸ್ಕೊಂಡ್ವಿ, ಮನೆ ಕೊಟ್ವಿ. ನೀವು ಕ್ರಮ ತಗೊಂಡ್ರೆ ಸರಿ. ಇಲ್ಲಾಂದ್ರೆ ಸೋಮವಾರ ನಾನು ಸ್ಟೇಷನ್ನಿಗೆ ಹೋಗ್ಬೇಕಾಗುತ್ತೆ."

ದೊಮ್ಮಲೂರಿನಲ್ಲಿ ಫ್ಲೈಓವರ್ ಬರುವ ಮೊದಲು ನಮ್ಮ ಮನೆಯವರೂ ರಾಗಿ ಬೆಳೆದವರೇ. ನಮ್ಮೋರು ಎಂಬ ಆ ಮಾತು ಕಿವಿಗೆ ಹಿತವಾಗಿತ್ತು. ಸ್ಟೇಷನ್ ಎಂಬ ಮಾತು ಹಿತವಾಗಿರಲಿಲ್ಲ. ಪೊಲೀಸರು ಬಂದರೆ ಮೊದಲು ಕೇಳುವುದೇ ಸೌಟಿನ ಆಟದ ಬಗ್ಗೆ ಅಲ್ಲವೇ.

ಪ್ರಿನ್ಸಿಪಾಲರು ಮೂರು ಜನರ ವಿಚಾರಣಾ ಸಮಿತಿ ಮಾಡಿದರು. ಕಾಮರ್ಸ್ ವಿಭಾಗದ ಒಬ್ಬರು, ಆಡಳಿತ ಮಂಡಳಿಯ ಒಬ್ಬರು, ಸಂಚಾಲಕಿಯಾಗಿ ನಾನು. ತರಗತಿ ನನ್ನದು, ಆಟ ನನ್ನದು, ವಿಚಾರಣೆಯೂ ನನ್ನದೇ. ಇದು ತಪ್ಪು ಎಂದು ನನಗೂ ಅನ್ನಿಸಿತು, ಅವರಿಗೂ ಅನ್ನಿಸಿರಬೇಕು. ಕನ್ನಡದಲ್ಲಿ ವರದಿ ಬರೆಯಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ಸೋಮವಾರ ಸಂಜೆ ನಾಲ್ಕಕ್ಕೆ ವರದಿ ಕೊಡಬೇಕೆಂದು ಆಯಿತು.

ಇಲ್ಲಿ ನಮ್ಮ ಕೆಲಸದ ಒಂದು ಪದ್ಧತಿಯನ್ನು ಹೇಳಬೇಕು. ವಿಚಾರಣೆಯಲ್ಲಿ ಹುಡುಗಿ ಹೇಳಿದ್ದನ್ನು ನಾನು ಚೀಟಿಯಲ್ಲಿ ಗುರುತು ಮಾಡಿಕೊಳ್ಳುತ್ತಿದ್ದೆ. ಅವಳಿಂದ ಖಾಲಿ ಹಾಳೆಯ ಕೆಳಗೆ ಸಹಿ ಹಾಕಿಸಿಕೊಂಡು ಕಳಿಸುತ್ತಿದ್ದೆ. ಆಮೇಲೆ ಸಾವಕಾಶವಾಗಿ ಕೂತು, ಒಳ್ಳೆಯ ಕನ್ನಡದಲ್ಲಿ ಆ ಸಹಿಯ ಮೇಲೆ ಹೇಳಿಕೆಯನ್ನು ಫೇರ್ ಕಾಪಿ ಮಾಡುತ್ತಿದ್ದೆ. ಕಾಪಿ ಹೊಡೆದವರು, ಜಗಳವಾಡಿದವರು, ಎಲ್ಲರದ್ದೂ ಹೀಗೆಯೇ ನಡೆದು ಬಂದಿತ್ತು. ಯಾರೂ ತಕರಾರು ತೆಗೆದಿರಲಿಲ್ಲ, ತೆಗೆಯುವ ಸ್ಥಿತಿಯಲ್ಲಿ ಯಾರೂ ಇರುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನವೇ ಮಹಾನಂದಾಳನ್ನು ಕರೆಸಿದೆವು. ಬಂದು ಕುರ್ಚಿಯ ತುದಿಯಲ್ಲಿ ಕೂತಳು.

"ಗುರುವಾರ ಅಂಬಲಿ ಇಟ್ಟಿದ್ದ ರೂಮಿಗೆ ಒಬ್ಬಳೇ ಹೋಗಿದ್ಯಾ?" ಎಂದು ಕೇಳಿದೆ.

"ಹೌದ್ರಿ."

"ಯಾಕೆ?"

"ಸೌಟು ತಗೊಳ್ಳಾಕ್ರಿ."

"ತಗೊಂಡು ಏನ್ಮಾಡ್ದೆ?"

"ಒಗದೀನ್ರಿ."

"ಯಾಕೆ?"

ಅವಳು ತಲೆ ಎತ್ತಿ ಮೂವರನ್ನೂ ನೋಡಿದಳು. "ಯಾರಿಗೂ ಸಿಗಬಾರದಂತ ಒಗದೀನ್ರಿ" ಎಂದಳು.

ಆಡಳಿತ ಮಂಡಳಿಯವರು ನನ್ನ ಕಡೆ ನೋಡಿದರು. ಕಾಮರ್ಸ್‌ನವರು ಉಸಿರು ಬಿಟ್ಟರು. ಅಂಬಲಿಯಲ್ಲಿ ಏನೋ ಕಲಸಿದ್ದಾಳೆ, ಗುರುತು ಯಾರಿಗೂ ಸಿಗಬಾರದೆಂದು ಸೌಟು ತೊಳೆದಿದ್ದಾಳೆ. ಮೂವರಿಗೂ ಹಾಗೇ ಕೇಳಿಸಿತು. ನಮ್ಮ ಕಡೆ ಬಟ್ಟೆಯನ್ನು ಒಗೆಯುತ್ತಾರೆ, ಪಾತ್ರೆಯನ್ನು ತೊಳೆಯುತ್ತಾರೆ, ಸೌಟು ಒಗೆದೆ ಎಂದರೆ ತಪ್ಪು ಕನ್ನಡ. ಆ ಕಡೆಯವರು ಎರಡಕ್ಕೂ ಒಂದೇ ಮಾತು ಹೇಳುತ್ತಾರೇನೋ ಎಂದುಕೊಂಡೆ. ಕೆಂಪು ಪೆನ್ನು ಹಿಡಿದು ಮೂವತ್ತೊಂದು ವರ್ಷ ತಿದ್ದಿದ ಕೈ, ಇದನ್ನೂ ತಿದ್ದಿತು. ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡೆ. ಅವಳು ಹೋದ ಮೇಲೆ, "ಸದರಿ ಸೌಟನ್ನು ಯಾವ ಕುರುಹೂ ಸಿಗಬಾರದೆಂಬ ಉದ್ದೇಶದಿಂದ ತೊಳೆದಿರುವುದಾಗಿ ಒಪ್ಪಿಕೊಂಡಿದ್ದಾಳೆ" ಎಂದು ಬರೆದೆ. ವಾಕ್ಯ ಚೆನ್ನಾಗಿ ಬಂದಿದೆ ಎಂದೂ ಅನ್ನಿಸಿತು.

ಸಮಿತಿ ಟಿ.ಸಿ. ಕೊಡಲು ತೀರ್ಮಾನಿಸಿತು. ಟಿ.ಸಿ. ಎಂದರೆ ವರ್ಗಾವಣೆ ಪತ್ರ, ಹೆಸರಿಗೆ ಮಾತ್ರ ವರ್ಗಾವಣೆ. ಪರೀಕ್ಷೆಗೆ ಒಂಬತ್ತು ದಿನ ಇರುವಾಗ ಅದನ್ನು ಕೈಗಿಟ್ಟರೆ ಹಾಲ್ ಟಿಕೆಟ್ ಇಲ್ಲ, ವರ್ಷ ಹೋಯಿತು, ಆ ಹುಡುಗಿಗೆ ಮುಂದೆ ಯಾವ ಕಾಲೇಜೂ ಇಲ್ಲ. ಭಾನುವಾರವೆಲ್ಲ ನಾನು ಮನೆಯಲ್ಲಿ ಸುಮ್ಮನೆ ಆ ರೂಮಿನಿಂದ ಈ ರೂಮಿಗೆ ಓಡಾಡಿದೆ. ಸೌಟು ತೂಗುಹಾಕುತ್ತಿದ್ದ ಮೊಳೆ ಖಾಲಿಯಾಗಿತ್ತು. ಸೌಟು ಎಲ್ಲಿ ಎಂದು ಶುಕ್ರವಾರ ಕೇಳಿದಾಗ ಚೈತ್ರಾ, "ಗೊತ್ತಿಲ್ಲ ಮ್ಯಾಮ್, ಎಲ್ಲೋ ಇಟ್ಟಿರ್ಬೇಕು" ಅಂದಿದ್ದಳು. ಅದನ್ನೂ ನಾನು ಮುಂದುವರಿಸಿ ಕೇಳಿರಲಿಲ್ಲ. ತೀರ್ಮಾನ ಆಗಿದೆ, ನಾಳೆ ಮುಗಿಯುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡರೂ ಮನಸ್ಸು ನಿಲ್ಲಲಿಲ್ಲ.

ಸೋಮವಾರ ಹನ್ನೊಂದಕ್ಕೆ ಮಹಾನಂದಾಳ ತಾಯಿ ಬಂದರು. ಕೆಲಸದಿಂದ ನೇರವಾಗಿ ಬಂದಿದ್ದರು, ಮೊಣಕೈವರೆಗೆ ಸಿಮೆಂಟಿನ ಬೂದಿ ಬಣ್ಣ. ಮಗಳು ಹಿಂದೆ ನಿಂತಿದ್ದಳು. ಒಂದು ಕಡೆ ಕರೆದು ಕೂರಲು ಹೇಳಿದೆ, ಕೂರಲಿಲ್ಲ.

"ಅಕ್ಕೋರ, ರೂಮ್ ಖಾಲಿ ಮಾಡ್ರಿ ಅಂದಾರ್ರಿ ಮಾಲಕರು. ಮಾಡ್ತೀವ್ರಿ, ಅದು ಏನ್ ದೊಡ್ಡದಲ್ಲ" ಎಂದರು. "ಈಕಿದೊಂದು ಪರೀಕ್ಷೆ ಬರಿಸ್ರಿ. ಇಲ್ಲಂದ್ರ ಈಕಿ ಅಪ್ಪ ಊರಿಗಿ ಕಳಿಸ್ತಾನ್ರಿ, ಲಗ್ನ ಮಾಡಿ ಕೈ ತೊಳಕೊಳ್ತಾನ್ರಿ."

ಏನೂ ತೋಚದಿದ್ದಾಗ ನಾವು ಮಾಡುವುದನ್ನೇ ಮಾಡಿದೆ, ಸೆಲ್ವಿಗೆ ಹೇಳಿ ಚಹಾ ತರಿಸಿದೆ. ಸಣ್ಣ ಕಾಗದದ ಕಪ್ಪು. ಆ ತಾಯಿ ಎರಡು ಗುಟುಕಿನಲ್ಲಿ ಕುಡಿದು, ಕಪ್ಪನ್ನು ಕೈಯಲ್ಲಿ ಹಿಡಿದು ಸುತ್ತ ನೋಡಿದರು.

"ಇದನ್ನ ಎಲ್ಲಿ ಒಗೀಲ್ರಿ ಅಕ್ಕೋರ?"

"ಅದು ಪೇಪರ್ ಕಪ್ ಅಮ್ಮ, ತೊಳೆಯೋ ಹಾಗಿಲ್ಲ, ಬಿಡಿ" ಎಂದೆ.

"ತೊಳಿಯಾಕ ಅಲ್ರಿ, ಒಗಿಯಾಕ" ಎಂದರು. "ಕಸದ ಡಬ್ಬಿ ಎಲ್ಲದ್ರಿ?"

ನಾನು ಅವರ ಕೈಯಲ್ಲಿದ್ದ ಕಪ್ಪನ್ನೇ ನೋಡುತ್ತಾ ನಿಂತೆ. ಒಗೆ ಎಂದರೆ ಎಸೆ. ನನಗೆ ಗೊತ್ತಿಲ್ಲದ ಮಾತೇ ಅಲ್ಲ ಅದು. ಉಪಭಾಷೆಗಳ ಪಾಠ ಬಂದಾಗಲೆಲ್ಲ ನಾನು ಹೇಳುತ್ತಿದ್ದ ಉದಾಹರಣೆಯೇ ಅದು. ಬೆಂಗಳೂರಿನವಳು ಸೀರೆ ಒಗಿ ಅಂದರೆ ಕಲ್ಬುರ್ಗಿಯವಳು ಕಿಟಕಿಯಿಂದಾಚೆ ಎಸೆದಳಂತೆ ಎಂದು ಎಷ್ಟು ಬ್ಯಾಚುಗಳನ್ನು ನಗಿಸಿದ್ದೇನೋ ಲೆಕ್ಕವಿಲ್ಲ. ಪಾಠದಲ್ಲಿ ನಗಿಸಲು ಗೊತ್ತಿದ್ದದ್ದು, ಒಂದು ಹುಡುಗಿ ಎದುರಿಗೆ ಕೂತು ಅದೇ ಮಾತು ಹೇಳಿದಾಗ ಕೇಳಿಸಲಿಲ್ಲ. ಯಾಕೆ ಕೇಳಿಸಲಿಲ್ಲ ಎಂದರೆ, ತೊಳೆದಳು ಎಂಬುದೇ ನನಗೆ ಅನುಕೂಲವಾಗಿತ್ತು.

"ಮಹಾನಂದಾ, ಸೌಟನ್ನ ಎಲ್ಲಿ ಒಗೆದೆ?" ಎಂದು ಕೇಳಿದೆ.

ಅವಳು ಕೈ ತೋರಿಸಿದಳು. "ಹಿಂದಿನ ಗ್ವಾಡಿ ಆಚಿಗ್ರಿ. ಯಾರ ಕೈಗೂ ಸಿಗಬಾರದಂತ. ಅದು ಇಲ್ಲಂದ್ರ ಆಟ ಮುಗೀತದ ಅನ್ಕೊಂಡಿದ್ದೆ." ಆಮೇಲೆ, "ಆವಾಗೇ ಹೇಳಿದ್ನಲ್ರಿ ಮೇಡಂ" ಎಂದಳು.

ಹೌದು, ಹೇಳಿದ್ದಳು.

ಕಾಲೇಜಿನ ಹಿಂದೆ ಕಾಂಪೌಂಡ್ ಗೋಡೆ, ಅದರಾಚೆ ಒಂದು ಖಾಲಿ ಸೈಟು, ಆಚೆಗೆ ರೈಲು ಹಳಿ. ಸೈಟಿಗೆ ಹೋಗಲು ಮುಖ್ಯ ರಸ್ತೆಯನ್ನು ಸುತ್ತಿ ಬರಬೇಕು. ನಾನು, ಸೆಲ್ವಿ, ತಾಯಿ ಮಗಳು, ನಾಲ್ಕು ಜನ ಉರಿಬಿಸಿಲಿನಲ್ಲಿ ಹೊರಟೆವು. ಸೊಂಟದವರೆಗೆ ಪಾರ್ಥೇನಿಯಂ ಗಿಡ, ಒಡೆದ ಟೈಲ್ಸು, ಹಳೆಯ ಕಮೋಡು. ಗಡಿಯಾರ ಹನ್ನೆರಡು ದಾಟಿತು. ಹಿತ್ತಾಳೆ ಎಂದು ಯಾರಾದರೂ ಗುಜರಿಗೆ ಎತ್ತಿಕೊಂಡು ಹೋಗಿದ್ದರೆ ಏನು ಗತಿ ಎಂದುಕೊಳ್ಳುತ್ತಾ ಗಿಡಗಳನ್ನು ಕಾಲಿನಿಂದ ಸರಿಸುತ್ತಿದ್ದೆ. ಸೌಟು ಸಿಗದಿದ್ದರೆ, ಎಸೆದೆ ಎಂಬುದು ಬರೀ ಬಾಯಿಮಾತಾಗುತ್ತದೆ. ಅರ್ಜಿಯಲ್ಲಿ ಹನ್ನೊಂದು ಸಹಿ ಇವೆ. ಒಂದು ರೈಲು ಹೋಯಿತು, ಇನ್ನೊಂದು ಹೋಯಿತು. ಒಂದೂಕಾಲಿಗೆ ಆ ತಾಯಿ ಗಿಡಗಳ ನಡುವಿನಿಂದ, "ಇಲ್ಲದ ನೋಡ್ರಿ" ಎಂದು ಕೂಗಿದರು. ಕಲ್ಲಿಗೆ ಬಡಿದು ಸೌಟಿನ ಅಂಚು ಒಂದು ಕಡೆ ಸೊಟ್ಟಗಾಗಿತ್ತು. ಅಂಬಲಿಯ ಒಂದು ಕಲೆಯೂ ಅದರ ಮೇಲೆ ಇರಲಿಲ್ಲ, ಅದು ಅಂಬಲಿಗೆ ಇಳಿದೇ ಇರಲಿಲ್ಲ.

"ಹಂಗಾದ್ರೆ ಊಟಕ್ಕೆ ಯಾವ್ದಲ್ಲಿ ಹಾಕಿದ್ರು ಮೇಡಂ?" ಎಂದು ಸೆಲ್ವಿ ಕೇಳಿದಳು. ಕೇಳಿ, ತಾನೇ ನನ್ನ ಮುಖ ನೋಡಿದಳು. "ಅಯ್ಯೋ ಕಡವುಳೇ. ಮಗ್ಗು."

ಎರಡು ಗಂಟೆಗೆ ಚೈತ್ರಾಳನ್ನು ವಿಭಾಗದ ಕೋಣೆಗೆ ಕರೆಸಿ ಸೌಟನ್ನು ಮೇಜಿನ ಮೇಲಿಟ್ಟೆ. ಅವಳ ಕಣ್ಣು ಅದರ ಮೇಲೆ ನಿಂತುಬಿಟ್ಟಿತು.

"ಅಂಬಲಿ ಯಾವುದರಲ್ಲಿ ಬಡಿಸಿದೆ?"

"ತೊಳ್ದಿದ್ವಿ ಮ್ಯಾಮ್" ಎಂದಳು. "ಮಗ್ಗನ್ನ ನಲ್ಲಿ ಕೆಳಗೆ ಎರಡ್ ಸಲ ತೊಳ್ದಿದ್ವಿ. ಎಲ್ಲಿಂದ ತಂದಿದ್ದು ಅಂತ ಯಾರಿಗೂ ಹೇಳ್ಲಿಲ್ಲ."

"ಸೌಟಿಲ್ಲ ಅಂತ ನನಗೆ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಬಡ್ಸೋದು ನಿಲ್ತಿತ್ತು. ಅವಳು ಗೆದ್ದಂಗೆ ಆಗ್ತಿತ್ತು. ಎಲ್ರೂ ನನ್ನೇ ನೋಡ್ತಾ ಕೂತಿದ್ರು ಮ್ಯಾಮ್."

"ನೀನು ಕುಡಿದ್ಯಾ?"

ಇಲ್ಲವೆಂದು ತಲೆಯಾಡಿಸಿದಳು. ಮಗ್ಗು ತಂದ ಇಬ್ಬರು ಗೆಳತಿಯರೂ ಕುಡಿದಿರಲಿಲ್ಲ. ಚೈತ್ರಾ ಅಳತೊಡಗಿದಳು. ನನಗೆ ಸಿಟ್ಟು ನೆತ್ತಿಗೇರಿತ್ತು. "ಮತ್ತೆ ಆ ಹುಡುಗಿ ಏನೋ ಕಲಸಿದಳು ಅಂತ ಯಾಕೆ ಬರೆದುಕೊಟ್ಟೆ?" ಎಂದು ಕೂಗಿದೆ.

ಅವಳು ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. "ಅವಳು ರೂಮಿಗೆ ಹೋಗಿದ್ಲು, ಅನುಮಾನ ಇದೆ ಅಂತ ಅಷ್ಟೇ ಬರ್ದಿದ್ದು ಮ್ಯಾಮ್. ತೊಳ್ದಳು ಅಂತ ನೀವೇ ಅಂದ್ರಂತೆ. ಆಗ ನಮಗೂ ಹೌದೇನೋ ಅನ್ನಿಸ್ತು."

ಮೂರು ವಾರ ನಾನು ಬೋರ್ಡಿನ ಮುಂದೆ ನಿಂತು, ಮನುಷ್ಯರೊಳಗಿನ ಮೃಗ ಯಾವಾಗ ಹೊರಬರುತ್ತದೆ ಎಂದು ಕಾದಂಬರಿಯ ಪುಟ ಪುಟ ತೋರಿಸಿ ವಿವರಿಸಿದ್ದೆ. ಸೌಟು ಹಿಡಿದ ಸಾಧು ಮನುಷ್ಯನನ್ನು ಹುಡುಗಿಯರು ಬಾಯಿಗೆ ಬಂದಂತೆ ಬೈಯುವಾಗ ತಲೆದೂಗಿದ್ದೆ. ನನ್ನ ಕೈಯಲ್ಲಿ ಪೆನ್ನು ಇತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ. ಚೈತ್ರಾಳಿಗೆ ಹತ್ತೊಂಬತ್ತು ವರ್ಷ, ನನಗೆ ಐವತ್ತೆಂಟು ದಾಟಿತ್ತು. ಅವಳನ್ನು ಕೂರಿಸಿ ನೀರು ಕೊಟ್ಟೆ. ನಡೆದದ್ದನ್ನು ಅವಳ ಕೈಯಲ್ಲೇ, ಅವಳ ಮಾತಿನಲ್ಲೇ ಬರೆಸಿಕೊಂಡೆ.

ಎರಡು ಮುಕ್ಕಾಲಿಗೆ ಹೊಸ ವರದಿ ಬರೆಯಲು ಕೂತೆ. ಮೊದಲನೆಯದನ್ನು ಹರಿಯಲಿಲ್ಲ. ಅದನ್ನೂ ಇದಕ್ಕೆ ಲಗತ್ತಿಸಿದೆ. ಸೌಟಿನ ಆಟ, ಐದು ಅಂಕ, ಮೂರು ಸೊನ್ನೆ, ಅಣಕಕ್ಕೆ ನಾನು ನಕ್ಕದ್ದು, ಬಡಿಸುವಾಗ ನಾನು ಎದ್ದು ಹೋದದ್ದು, ಖಾಲಿ ಹಾಳೆಯ ಸಹಿ, ಎಲ್ಲವನ್ನೂ ಒಂದೊಂದಾಗಿ ಬರೆದೆ. ಹದಿನಾಲ್ಕು ತಿಂಗಳು, ಪಿಂಚಣಿ, ಜನರ ಬಾಯಿ, ಎಲ್ಲ ಕಣ್ಣೆದುರು ಬಂತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಆದರೆ ಹೋಗುವುದು ನನ್ನ ಮಾನವೋ ಆ ಹುಡುಗಿಯ ಬದುಕೋ ಎಂದು ಕೇಳಿಕೊಂಡರೆ, ಬರೆಯದೆ ಬೇರೆ ದಾರಿ ಇರಲಿಲ್ಲ.

ಮೂರೂಮುಕ್ಕಾಲಿಗೆ ಮಹಾನಂದಾಳ ಹೇಳಿಕೆಯನ್ನು ಅವಳ ಮುಂದಿಟ್ಟು, ಪೂರ್ತಿ ಓದಿ ಆಮೇಲೆ ಸಹಿ ಹಾಕು ಎಂದೆ. ಆ ಕಾಲೇಜಿನಲ್ಲಿ ಬರಹ ಮೊದಲು, ಸಹಿ ಆಮೇಲೆ ಬಂದದ್ದು ಅದೇ ಮೊದಲಿರಬೇಕು. ಅವಳು ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು. ಮಧ್ಯದಲ್ಲಿ ಬೆರಳು ನಿಂತಿತು.

"ಮೇಡಂ, ಇಲ್ಲಿ 'ಎಸೆದೆ' ಅಂತ ಬರದೀರಿ."

"ಹೌದಮ್ಮ, ನೀನು ಎಸೆದದ್ದೇ ಅಲ್ವಾ?"

"ನಾ ಎಸೆದೆ ಅಂದಿಲ್ರಿ" ಎಂದಳು. ದನಿ ಮೆತ್ತಗಿತ್ತು, ಆದರೆ ಬೆರಳು ತೆಗೆಯಲಿಲ್ಲ. "ಒಗದೀನಿ ಅಂದೀನ್ರಿ."

ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಎಸೆದೆ ಎಂಬುದನ್ನು ಹೊಡೆದು ಹಾಕಿ, ಮೇಲೆ ಅವಳ ಮಾತನ್ನು ಬರೆದೆ. ಪಕ್ಕದಲ್ಲಿ ತಿದ್ದುಪಡಿಗೆ ನನ್ನ ಚಿಕ್ಕ ಸಹಿ ಹಾಕಿದೆ. ಅವಳು ಮತ್ತೊಮ್ಮೆ ಓದಿ, ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು.

ಉಳಿದದ್ದು ಚಿಕ್ಕದು. ಆಸ್ಪತ್ರೆಯಲ್ಲಿದ್ದ ಇಬ್ಬರೂ ಆ ವಾರದಲ್ಲೇ ಮನೆಗೆ ಬಂದರು. ಮಗ್ಗಿನಿಂದಲೇ ಆಯಿತು ಎಂದು ಡಾಕ್ಟರು ಖಚಿತವಾಗಿ ಹೇಳಲಿಲ್ಲ, ಕೊಳೆ ನೀರು ಎಂದಷ್ಟೇ ಹೇಳಿದರು. ಚೈತ್ರಾಳ ಅಪ್ಪ ಸ್ಟೇಷನ್ನಿಗೆ ಹೋಗಲಿಲ್ಲ. ಮಹಾನಂದಾಳ ಮನೆಯವರು ಆದರೂ ಆ ರೂಮು ಬಿಟ್ಟು ಬೇರೆ ಕಡೆ ಹೋದರು. ಇರಿ ಎಂದು ಚೈತ್ರಾಳ ಅಪ್ಪನೇ ಕೇಳಿಕೊಂಡರೂ ಆ ತಾಯಿ ಒಪ್ಪಲಿಲ್ಲವಂತೆ. ನನಗೆ ಕಾರಣ ಕೇಳುವ ನೋಟಿಸ್ ಬಂತು, ಒಂದು ವರ್ಷದ ವೇತನ ಬಡ್ತಿ ನಿಂತಿತು, ಅದಕ್ಕೆ ನಾನು ಮೇಲ್ಮನವಿ ಹಾಕಲಿಲ್ಲ. ಮಹಾನಂದಾ ಪರೀಕ್ಷೆ ಬರೆದಳು.

ನೌಕರಿ ನನಗೆ ಕಲಿಸಿದ್ದು ಇಷ್ಟೇ: ಇನ್ನೊಬ್ಬರ ಮಾತನ್ನು ಬರೆದುಕೊಳ್ಳುವಾಗ ತಿದ್ದಬಾರದು, ಅರ್ಥವಾಗದಿದ್ದರೆ ಕೇಳಬೇಕು. ಸೊಟ್ಟ ಅಂಚಿನ ಆ ಸೌಟು ಈಗಲೂ ನಮ್ಮ ಅಡುಗೆಮನೆಯ ಮೊಳೆಯಲ್ಲಿದೆ. ಅದರಲ್ಲಿ ಸಾರು ಬಡಿಸಿದರೆ ಒಂದು ಕಡೆ ಸೋರುತ್ತದೆ. ಸರಿ ಮಾಡಿಸೋಣ ಎಂದು ಮನೆಯವರು ಹೇಳುತ್ತಲೇ ಇರುತ್ತಾರೆ, ನಾನು ಬೇಡ ಅನ್ನುತ್ತೇನೆ.